ನೋಟದ ಅಳತೆ, ಮಾತಿನ ಹದ

ಎದುರಿಗಿದ್ದವರ ಕಣ್ಣನ್ನು ನೋಡಿಯೇ ಮಾತನಾಡಬೇಕು ಎಂಬ ಬೋಧನೆ ಈಚಿನ ದಶಕಗಳಲ್ಲಿ ಕರ್ನಾಟಕದ ಕಾಲೇಜುಗಳ ಉದ್ಯೋಗ ತರಬೇತಿ ತರಗತಿಗಳಿಂದ ಹಿಡಿದು ವ್ಯಕ್ತಿತ್ವ ವಿಕಸನ ಶಿಬಿರಗಳವರೆಗೆ ಎಲ್ಲೆಡೆಯೂ ನಿಯಮದ ಸ್ವರೂಪವನ್ನು ಪಡೆದುಕೊಂಡಿದೆ. ನೇರವಾಗಿ ನೋಡುವವರಲ್ಲಿ ಆತ್ಮವಿಶ್ವಾಸವೂ ಪ್ರಾಮಾಣಿಕತೆಯೂ ಇರುತ್ತವೆ, ನೋಟ ತಗ್ಗಿಸುವವರು ಅಂಜುಬುರುಕರು ಇಲ್ಲವೇ ಏನನ್ನೋ ಮುಚ್ಚಿಡುತ್ತಿರುವವರು ಎಂಬ ತೀರ್ಮಾನ ಆ ಬೋಧನೆಯ ಬೆನ್ನಿಗೇ ಬರುತ್ತದೆ. ಹಿರಿಯರು ಮಾತನಾಡುವಾಗ ಕಣ್ಣು ಬಿಟ್ಟುಕೊಂಡು ನೋಡಬಾರದು, ಗುರುಗಳ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು ಎಂದು ಮನೆಯಲ್ಲಿ ಕಲಿತು ಬಂದ ಮಕ್ಕಳಿಗೆ ತರಬೇತಿಯ ಈ ಪಾಠ ಮನೆಯ ಪಾಠವನ್ನು ತಪ್ಪೆಂದು ಹೊಡೆದುಹಾಕಿದಂತೆ ಕಾಣುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ವಾದಿಸುವುದಕ್ಕೆ ಮುಂಚೆ, ಮುಖಾಮುಖಿ ಮಾತುಕತೆಯಲ್ಲಿ ಕಣ್ಣು ಮಾಡುವ ಕೆಲಸವಾದರೂ ಏನು ಎಂಬುದನ್ನು ತಿಳಿದುಕೊಳ್ಳುವುದು ಉಚಿತ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ತೂಬಗೆರೆ ಈ ವಿಚಾರವನ್ನು ಪರಿಶೀಲಿಸಲು ಹೇಳಿ ಮಾಡಿಸಿದಂಥ ನೆಲೆ. ಅದರ ಒಂದು ಮಗ್ಗುಲಲ್ಲಿ ಘಾಟಿ ಸುಬ್ರಹ್ಮಣ್ಯ ಕ್ಷೇತ್ರವೂ ಅಲ್ಲಿನ ಹೆಸರುವಾಸಿ ದನಗಳ ಜಾತ್ರೆಯೂ ಇದ್ದರೆ, ಇನ್ನೊಂದು ಮಗ್ಗುಲಲ್ಲಿ ನೇಕಾರಿಕೆಯ ದೊಡ್ಡಬಳ್ಳಾಪುರ ಪಟ್ಟಣ, ಅದರ ಕೈಗಾರಿಕಾ ಪ್ರದೇಶ, ಸಿದ್ಧ ಉಡುಪಿನ ಕಾರ್ಖಾನೆಗಳು ಮತ್ತು 2008ರ ಮೇ ತಿಂಗಳಲ್ಲಿ ಆರಂಭವಾದ ದೇವನಹಳ್ಳಿಯ ವಿಮಾನ ನಿಲ್ದಾಣವನ್ನು ಸುತ್ತುವರಿದ ಹೊಸ ಉದ್ಯೋಗಗಳ ವಲಯ ಇವೆ. ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಊರಿನ ಹಿರಿಯರೊಂದಿಗೆ ಮಾತನಾಡಿದ ಯುವಕನೋ ಯುವತಿಯೋ ಮಧ್ಯಾಹ್ನದ ಹೊತ್ತಿಗೆ ಕಂಪನಿಯೊಂದರ ಸಂದರ್ಶನದಲ್ಲಿ ಅಪರಿಚಿತ ಅಧಿಕಾರಿಗಳ ಎದುರು ಕುಳಿತಿರುವುದು ಈ ಸೀಮೆಯಲ್ಲಿ ಸಾಮಾನ್ಯ. ಒಂದೇ ದಿನದಲ್ಲಿ ನೋಟದ ಎರಡು ಬೇರೆ ಬೇರೆ ಕಟ್ಟಳೆಗಳನ್ನು ಪಾಲಿಸಬೇಕಾದ ಈ ಪರಿಸ್ಥಿತಿಯೇ ಪ್ರಸ್ತುತ ಲೇಖನದ ವಸ್ತು.

ಕಣ್ಣಿನ ಬಿಳಿ, ಮಾತಿನ ಸರದಿ

ಮನುಷ್ಯನ ಕಣ್ಣಿನ ರಚನೆಯಲ್ಲಿಯೇ ಪರಸ್ಪರ ನೋಟಕ್ಕೆ ಅನುಕೂಲವಾದ ಒಂದು ವಿಶೇಷವಿದೆ. ಜಪಾನಿನ ಸಂಶೋಧಕರಾದ ಹಿರೋಮಿ ಕೊಬಯಾಶಿ ಮತ್ತು ಶಿರೊ ಕೊಶಿಮಾ ಅನೇಕ ವಾನರ ಪ್ರಭೇದಗಳ ಕಣ್ಣುಗಳನ್ನು ಹೋಲಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಣ್ಣಾಲಿಯ ಸುತ್ತಲಿನ ಬಿಳಿಭಾಗ ಮನುಷ್ಯನಲ್ಲಿ ಇರುವಷ್ಟು ವಿಶಾಲವಾಗಿ, ವರ್ಣಕವಿಲ್ಲದೆ ಎದ್ದು ಕಾಣುವಂತೆ ಉಳಿದ ಪ್ರಭೇದಗಳಲ್ಲಿ ಇಲ್ಲ. ಈ ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಆಲಿ ಯಾವ ಕಡೆಗೆ ಸರಿದರೂ ಎದುರಿನವರಿಗೆ ಒಡನೆಯೇ ಗೊತ್ತಾಗುವುದರಿಂದ, ಒಬ್ಬರ ಗಮನ ಎತ್ತ ಹರಿದಿದೆ ಎಂಬುದು ಇನ್ನೊಬ್ಬರಿಗೆ ಮಾತಿಲ್ಲದೆಯೇ ತಿಳಿಯುತ್ತದೆ. ಪರಸ್ಪರ ಸಹಕಾರದಿಂದ ಬದುಕಬೇಕಾದ ಜೀವಿಗೆ ಇಂಥ ಕಣ್ಣು ಲಾಭದಾಯಕವಾಗಿದ್ದಿರಬೇಕು ಎಂದು ಮೈಕೆಲ್ ಟೊಮಾಸೆಲ್ಲೊ ಮತ್ತು ಅವರ ಸಂಗಡಿಗರು ಮುಂದಿಟ್ಟ ವಾದವನ್ನು ಸಹಕಾರಿ ಕಣ್ಣಿನ ಊಹೆ ಎನ್ನುತ್ತಾರೆ. ಇತರ ವಾನರಗಳಲ್ಲಿಯೂ ಅಲ್ಲಲ್ಲಿ ತಿಳಿಬಣ್ಣದ ಕಣ್ಣು ಕಂಡುಬಂದಿರುವುದರಿಂದ ಅದರ ಮೇಲಿನ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ನೇರ ನೋಟದ ಕಡೆಗಿನ ಒಲವು ಬಹಳ ಬೇಗ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಆಧಾರವಿದೆ: ಹುಟ್ಟಿ ಎರಡರಿಂದ ಐದು ದಿನಗಳಷ್ಟೇ ಆದ ಶಿಶುಗಳು ತಮ್ಮತ್ತ ನೋಡುವ ಮುಖವನ್ನು ಬೇರೆಡೆಗೆ ನೋಡುವ ಮುಖಕ್ಕಿಂತ ಹೆಚ್ಚು ಹೊತ್ತು ದಿಟ್ಟಿಸುತ್ತವೆ ಎಂದು ತೆರೇಸಾ ಫರೋನಿ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು.

ಬೆಳೆದವರ ಮಾತುಕತೆಯಲ್ಲಿ ನೋಟದ ಮುಖ್ಯ ಕೆಲಸ ಸರದಿಯನ್ನು ನಡೆಸುವುದು. ಒಬ್ಬರು ಮುಗಿಸಿ ಇನ್ನೊಬ್ಬರು ಆರಂಭಿಸುವ ಕ್ರಮಕ್ಕೆ ಸರದಿ ಎನ್ನಬಹುದು. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಒಂದು ಅಧ್ಯಯನದಲ್ಲಿ ಪ್ರಶ್ನೆ ಮುಗಿದು ಉತ್ತರ ಆರಂಭವಾಗುವುದರ ನಡುವಿನ ಅಂತರ ಸರಾಸರಿ ಸುಮಾರು ಕಾಲು ಸೆಕೆಂಡಿನೊಳಗೇ ಇರುವುದು ಕಂಡುಬಂದಿದೆ. ಇಷ್ಟು ಬಿಗಿಯಾದ ಕಾಲಾವಕಾಶದಲ್ಲಿ ಇಬ್ಬರೂ ಒಂದೇ ಸಲಕ್ಕೆ ಬಾಯಿ ಹಾಕದಂತೆ ನಡೆದುಕೊಳ್ಳಬೇಕಾದರೆ ಧ್ವನಿಯ ಏರಿಳಿತ, ವಾಕ್ಯದ ರಚನೆಗಳ ಜೊತೆಗೆ ಕಣ್ಣಿನ ಸುಳಿವೂ ನೆರವಾಗುತ್ತದೆ. ಇಂಗ್ಲೆಂಡಿನಲ್ಲಿ ಜೋಡಿ ಸಂಭಾಷಣೆಗಳನ್ನು ಚಿತ್ರೀಕರಿಸಿ ಚೌಕಟ್ಟು ಚೌಕಟ್ಟಾಗಿ ಪರಿಶೀಲಿಸಿದ ಆಡಮ್ ಕೆಂಡನ್ 1967ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಕ್ರಮವನ್ನು ವಿವರಿಸಿದರು: ದೀರ್ಘವಾದ ಮಾತನ್ನು ಆರಂಭಿಸುವವರು ಸಾಮಾನ್ಯವಾಗಿ ನೋಟವನ್ನು ಬೇರೆಡೆಗೆ ತಿರುಗಿಸುತ್ತಾರೆ, ಮಾತು ಮುಗಿಯುವ ಹೊತ್ತಿಗೆ ಮತ್ತೆ ಕೇಳುಗರತ್ತ ನೋಡಿ ಸರದಿಯನ್ನು ಬಿಟ್ಟುಕೊಡುತ್ತಾರೆ, ಕೇಳುವವರಾದರೋ ಮಾತನಾಡುವವರಿಗಿಂತ ಹೆಚ್ಚು ಹೊತ್ತು ನೋಡುತ್ತಾರೆ. ಮಾತಿನ ಸರಾಗಕ್ಕೆ ಆಗಾಗ ಬೇರೆಡೆ ನೋಡುವುದೂ ಅಷ್ಟೇ ಅಗತ್ಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೇಳುಗರ ಪಾಲಿನ ಕೆಲಸವೂ ಸಣ್ಣದಲ್ಲ. ಕಥೆ ಹೇಳುವ ಅಜ್ಜಿ ಎದುರಿನ ಮಕ್ಕಳು ಹೂಂಗುಟ್ಟುವುದನ್ನು ನಿಲ್ಲಿಸಿದರೆ ನಿದ್ದೆ ಬಂತೆಂದು ತಿಳಿದು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾಳೆ ಎಂಬುದು ಕನ್ನಡ ನಾಡಿನ ಮನೆಮನೆಯ ಅನುಭವ. ಕೆನಡಾದ ಜಾನೆಟ್ ಬಾವೆಲಾಸ್ ಮತ್ತು ಸಂಗಡಿಗರ 2002ರ ಅಧ್ಯಯನ ಈ ಹೂಂಗುಟ್ಟುವಿಕೆಗೂ ನೋಟಕ್ಕೂ ಇರುವ ನಂಟನ್ನು ಗುರುತಿಸಿತು: ಕಥನ ಮಾಡುವವರು ನಡುನಡುವೆ ಕೇಳುಗರತ್ತ ನೋಡುತ್ತಾರೆ, ಆ ಕ್ಷಣದಲ್ಲಿ ಇಬ್ಬರ ಕಣ್ಣೂ ಸೇರುತ್ತವೆ, ಕೇಳುಗರು ಹೂಂ ಎನ್ನುವುದೋ ತಲೆಯಾಡಿಸುವುದೋ ಹೆಚ್ಚಾಗಿ ಆ ಕ್ಷಣದಲ್ಲಿಯೇ, ಅದಾದ ಒಡನೆ ಕಥನಕಾರರ ಕಣ್ಣು ಮತ್ತೆ ಬೇರೆಡೆಗೆ ಸರಿಯುತ್ತದೆ. ಕಣ್ಣು ಸೇರುವುದು ಹೀಗೆ ಇಬ್ಬರೂ ಕೂಡಿ ಮಾಡುವ ಕೆಲಸವಾದ ಕಾರಣ, ಅದನ್ನು ಒಬ್ಬರ ವೈಯಕ್ತಿಕ ಗುಣವೆಂದು ಅಳೆಯಲು ಹೊರಡುವುದರಲ್ಲಿಯೇ ಒಂದು ದೋಷವಿದೆ.

ಎಷ್ಟು ಹೊತ್ತು, ಎಷ್ಟು ಹತ್ತಿರ

ನೋಟ ಹಿತವೆನಿಸುವ ಅವಧಿಯನ್ನು ಅಳೆಯುವ ಪ್ರಯತ್ನಗಳೂ ನಡೆದಿವೆ. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಬಂದ ಸುಮಾರು 500 ಮಂದಿಗೆ ಪರದೆಯ ಮೇಲೆ ನಟರು ತಮ್ಮನ್ನೇ ದಿಟ್ಟಿಸುವ ತುಣುಕುಗಳನ್ನು ತೋರಿಸಿ, ಅವಧಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕೇಳಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಹಿತವೆನಿಸಿದ ಸರಾಸರಿ ಅವಧಿ 3.3 ಸೆಕೆಂಡು. ಇದು ಪರದೆಯ ಮೇಲಿನ ಅಪರಿಚಿತ ಮುಖದ ಮಾತಾದ್ದರಿಂದ ಗಡಿಯಾರ ಹಿಡಿದು ಅನುಸರಿಸಬೇಕಾದ ಸೂತ್ರವೇನಲ್ಲ. ಆದರೂ ಕಣ್ಣಿನಲ್ಲಿ ಕಣ್ಣಿಟ್ಟು ನೋಡುವುದಕ್ಕೆ ಒಂದು ಮಿತಿಯಿದೆ, ಆ ಮಿತಿಯನ್ನು ದಾಟಿದ ನೋಟ ದಿಟ್ಟಿಸುವಿಕೆಯಾಗಿ ಬದಲಾಗುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಈ ಮಿತಿ ದೂರವನ್ನೂ ಅವಲಂಬಿಸುತ್ತದೆ. ಮೈಕೇಲ್ ಆರ್ಗೈಲ್ ಮತ್ತು ಜಾನೆಟ್ ಡೀನ್ 1965ರಲ್ಲಿ ಮಂಡಿಸಿದ ಸಮತೋಲನ ಸಿದ್ಧಾಂತದ ಪ್ರಕಾರ, ಇಬ್ಬರ ನಡುವಿನ ಆಪ್ತತೆಯನ್ನು ನಿರ್ಧರಿಸುವ ನೋಟ, ಅಂತರ, ನಗು, ಮಾತಿನ ವಿಷಯ ಮುಂತಾದ ಅಂಶಗಳಲ್ಲಿ ಒಂದು ಹೆಚ್ಚಾದರೆ ಇನ್ನೊಂದು ತಾನಾಗಿಯೇ ಕಡಿಮೆಯಾಗಿ ಒಟ್ಟು ಪ್ರಮಾಣ ಸಮನಾಗಿ ಉಳಿಯುತ್ತದೆ. ಅವರ ಪ್ರಯೋಗದಲ್ಲಿ ಇಬ್ಬರನ್ನು ಹತ್ತಿರ ಹತ್ತಿರ ಕೂರಿಸಿದಾಗ ಕಣ್ಣು ಸೇರುವುದು ಕಡಿಮೆಯಾಯಿತು. ಬೆಳಗಿನ ಹೊತ್ತು ತುಂಬಿ ತುಳುಕುವ ಬಸ್ಸಿನಲ್ಲಿ ಮೈಗೆ ಮೈ ತಾಗಿಸಿ ನಿಂತವರೆಲ್ಲ ಕಿಟಕಿಯ ಹೊರಗೋ ಮೇಲಿನ ಕಂಬಿಯತ್ತಲೋ ನೋಡುವುದು ಇದೇ ಕಾರಣಕ್ಕೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಇದಕ್ಕೆ ಸಭ್ಯ ಅಲಕ್ಷ್ಯ ಎಂಬ ಅರ್ಥ ಬರುವ ಹೆಸರು ಕೊಟ್ಟರು: ಅಪರಿಚಿತರ ಇರುವಿಕೆಯನ್ನು ಒಂದು ಕ್ಷಣದ ನೋಟದಿಂದ ಗುರುತಿಸಿ, ಅನಂತರ ನೋಟವನ್ನು ಹಿಂತೆಗೆದುಕೊಂಡು, ಅವರ ಮೇಲೆ ತಮಗೆ ವಿಶೇಷ ಕುತೂಹಲವಿಲ್ಲ ಎಂದು ಸೂಚಿಸುವ ಸೌಜನ್ಯ ಅದು.

ಯೋಚಿಸುವಾಗ ಕಣ್ಣು ಬೇರೆಡೆಗೆ ಹೋಗುವುದಕ್ಕೂ ಕಾರಣವಿದೆ. ಎದುರಿನ ಮುಖ ಬಹಳಷ್ಟು ಮಾಹಿತಿಯನ್ನು ಒಂದೇ ಸಮನೆ ಒದಗಿಸುತ್ತಿರುವುದರಿಂದ ಅದನ್ನು ಗ್ರಹಿಸುವುದರಲ್ಲಿಯೇ ಗಮನದ ಒಂದು ಪಾಲು ಖರ್ಚಾಗುತ್ತದೆ. ಆರ್ಥರ್ ಗ್ಲೆನ್‌ಬರ್ಗ್ ಮತ್ತು ಸಂಗಡಿಗರು 1998ರಲ್ಲಿ ನಡೆಸಿದ ಪ್ರಯೋಗಗಳಲ್ಲಿ ಪ್ರಶ್ನೆ ಕಷ್ಟವಾದಷ್ಟೂ ಜನ ನೋಟವನ್ನು ಹೆಚ್ಚು ತಿರುಗಿಸಿದರು. ಹಾಗೆ ತಿರುಗಿಸಿದಾಗ ನೆನಪಿನ ಕೆಲಸವೂ ಉತ್ತಮಗೊಂಡಿತು. ಸಂದರ್ಶನದಲ್ಲಿ ಕಠಿಣ ಪ್ರಶ್ನೆ ಕೇಳಿ, ಉತ್ತರ ಹುಡುಕುತ್ತಾ ಮೇಲೆ ನೋಡಿದ ಅಭ್ಯರ್ಥಿಗೆ ಆತ್ಮವಿಶ್ವಾಸ ಸಾಲದು ಎಂದು ಬರೆದುಕೊಳ್ಳುವವರು ಯೋಚಿಸುತ್ತಿರುವ ಲಕ್ಷಣವನ್ನೇ ದೋಷವೆಂದು ಎಣಿಸಿದಂತಾಗುತ್ತದೆ.

ಕಟ್ಟೆ, ಮಗ್ಗ, ಜಾತ್ರೆ

ಕಣ್ಣೋಟದ ಪಾಠ ಹೊರಗಿನಿಂದಲೇ ಬರಬೇಕು ಎಂಬಂತೆ ತರಬೇತಿ ನೀಡುವವರು ಗಮನಿಸದೆ ಹೋಗುವ ಸಂಗತಿಯೆಂದರೆ, ತೂಬಗೆರೆಯಂಥ ಊರುಗಳ ಸುತ್ತಮುತ್ತ ನೋಟವನ್ನು ಬಳಸುವ ಬಹು ಸೂಕ್ಷ್ಮವಾದ ಪದ್ಧತಿಗಳು ಮೊದಲೇ ರೂಢಿಯಲ್ಲಿವೆ. ಅರಳಿಕಟ್ಟೆಯ ಮಾತುಕತೆಯನ್ನೇ ತೆಗೆದುಕೊಳ್ಳಬಹುದು. ಅಲ್ಲಿ ಜನ ಪಕ್ಕಪಕ್ಕದಲ್ಲಿ ಸಾಲಾಗಿ ಕುಳಿತು ದಾರಿಯತ್ತ ಮುಖ ಮಾಡಿರುತ್ತಾರೆ. ಎಲ್ಲರ ಕಣ್ಣಿಗೂ ಒಂದೇ ದೃಶ್ಯ ಬೀಳುತ್ತದೆ, ಹಾದುಹೋಗುವ ಟ್ರ್ಯಾಕ್ಟರಾಗಲಿ, ಮೇವು ಹೊತ್ತು ಬರುವವರಾಗಲಿ ಮಾತಿಗೆ ವಸ್ತುವನ್ನು ಒದಗಿಸುತ್ತಾರೆ, ಮೌನ ಬಿದ್ದರೂ ಯಾರಿಗೂ ಮುಜುಗರವಾಗುವುದಿಲ್ಲ. ಸಾಲದ ವಿಚಾರ, ದಾಯಾದಿಗಳ ಮನಸ್ತಾಪದಂಥ ಕಷ್ಟದ ಮಾತುಗಳು ಇಲ್ಲಿ ಸುಲಭವಾಗಿ ಹೊರಬರಲು ಕಣ್ಣು ಸೇರಿಸಲೇಬೇಕಾದ ಒತ್ತಾಯ ಇಲ್ಲದಿರುವುದೂ ಒಂದು ಕಾರಣ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಸೋಮರ್ 1960ರ ದಶಕದ ತಮ್ಮ ಅಧ್ಯಯನಗಳಲ್ಲಿ, ಸ್ಪರ್ಧೆಯ ಸಂದರ್ಭದಲ್ಲಿ ಜನ ಮೇಜಿನ ಎದುರುಬದುರು ಕೂರುವುದನ್ನೂ, ಕೂಡಿ ಕೆಲಸ ಮಾಡುವಾಗ ಪಕ್ಕಪಕ್ಕದಲ್ಲಿ ಕೂರುವುದನ್ನೂ, ಹರಟೆಗೆ ಮೇಜಿನ ಮೂಲೆಯ ಎರಡು ಬದಿಗಳನ್ನು ಆರಿಸಿಕೊಳ್ಳುವುದನ್ನೂ ಹೆಚ್ಚಾಗಿ ಕಂಡರು. ಸಂದರ್ಶನದ ಕೊಠಡಿ ಮೊದಲನೆಯ ಬಗೆಯದು, ಅರಳಿಕಟ್ಟೆ ಎರಡನೆಯ ಬಗೆಯದು; ಕಟ್ಟೆಯ ಮೇಲೆ ನಿರರ್ಗಳವಾಗಿ ಮಾತನಾಡುವ ಹುಡುಗ ಮೇಜಿನ ಎದುರು ತಡವರಿಸಿದರೆ ಅದಕ್ಕೆ ಆಸನದ ಏರ್ಪಾಡೂ ಒಂದು ಕಾರಣವಾಗಿರುತ್ತದೆ.

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನಡುವೆ ನೋಟ ಇನ್ನೊಂದು ಬಗೆಯಲ್ಲಿ ಕೆಲಸ ಮಾಡುತ್ತದೆ. ಸಾಲು ಮಗ್ಗಗಳು ಒಟ್ಟಿಗೆ ಓಡುವ ಕೋಣೆಯಲ್ಲಿ ಲಾಳಿಯ ಬಡಿತಕ್ಕೆ ಕೂಗಿದ ಮಾತೂ ಪಕ್ಕದವರಿಗೆ ಕೇಳಿಸದು. ಹಾಸಿನ ಎಳೆ ಕಡಿದದ್ದನ್ನೋ ಹೊಕ್ಕಿನ ನೂಲು ತೀರಿದ್ದನ್ನೋ ಕಂಡವರು ಪಕ್ಕದ ಮಗ್ಗದವರ ಗಮನ ಸೆಳೆಯಬೇಕಾದರೆ ಮೊದಲು ಅವರ ಕಣ್ಣನ್ನು ಹಿಡಿಯಬೇಕು. ಕಣ್ಣು ಸೇರಿದ ಮೇಲಷ್ಟೇ ಕೈಸನ್ನೆಗೆ, ತುಟಿಯ ಚಲನೆಗೆ ಅರ್ಥ. ಹೀಗೆ ಸೇರಿದ ಕಣ್ಣು ಕೆಲಸ ಮುಗಿದ ಕೂಡಲೇ ತನ್ನ ಮಗ್ಗದತ್ತ ಮರಳಬೇಕು, ಇಲ್ಲವಾದರೆ ಬಟ್ಟೆಯಲ್ಲಿ ದೋಷ ಬೀಳುತ್ತದೆ. ಬೇಕಾದಷ್ಟೇ ನೋಡಿ ಬಿಡುವ ಈ ಶಿಸ್ತನ್ನು ಯಾವ ತರಬೇತಿ ಕೇಂದ್ರವೂ ಕಲಿಸಿದ್ದಲ್ಲ.

ಹಳೇ ಮೈಸೂರು ಸೀಮೆಯ ದನಗಳ ಜಾತ್ರೆಗಳಲ್ಲಿ ನೋಟದ ಬಳಕೆ ಚೌಕಾಸಿಯ ಭಾಗವೇ ಆಗಿದೆ. ಘಾಟಿಯ ಜಾತ್ರೆ ಡಿಸೆಂಬರ್ ಮತ್ತು ಜನವರಿಯ ಆಸುಪಾಸಿನಲ್ಲಿ, ಬ್ರಹ್ಮರಥೋತ್ಸವ ನಡೆಯುವ ಪುಷ್ಯ ಶುದ್ಧ ಷಷ್ಠಿಗೆ ಮುನ್ನ ಸೇರುತ್ತದೆ. ಹಳ್ಳಿಕಾರ್ ತಳಿಯ ಜೋಡಿ ಎತ್ತುಗಳಿಗೆ ಇಂಥ ಜಾತ್ರೆಗಳಲ್ಲಿ ಹೆಚ್ಚಿನ ಬೇಡಿಕೆ. ಕೊಳ್ಳುವವರು ಹಲ್ಲು ನೋಡಿ ವಯಸ್ಸನ್ನು ಅಂದಾಜಿಸುತ್ತಾರೆ, ಮೈಮೇಲಿನ ಸುಳಿಗಳನ್ನು ಪರೀಕ್ಷಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಬೆಲೆಯ ಮಾತು ಬಂದಾಗ ಮಾತ್ರ ದಲ್ಲಾಳಿ ಹೆಗಲ ಮೇಲಿನ ಟವೆಲ್ಲನ್ನು ಕೈಗಳ ಮೇಲೆ ಹೊದಿಸುತ್ತಾನೆ, ಅದರಡಿಯಲ್ಲಿ ಒಬ್ಬರ ಬೆರಳುಗಳನ್ನು ಇನ್ನೊಬ್ಬರು ಹಿಡಿದು ಅದುಮಿ ಅಂಕಿಯನ್ನು ತಿಳಿಸುತ್ತಾರೆ. ಸುತ್ತ ನೆರೆದವರಿಗೆ ಬೆಲೆ ಗೊತ್ತಾಗದಂತೆ ಇಡುವುದು ಈ ಪದ್ಧತಿಯ ಉದ್ದೇಶವಾದ್ದರಿಂದ ಮುಖದಲ್ಲಿ ಯಾವ ಭಾವವೂ ಮೂಡಬಾರದು. ಟವೆಲ್ಲಿನ ಕೆಳಗೆ ಕೈ ಮಾತನಾಡುತ್ತಿರುವಾಗ ಮೇಲೆ ಕಣ್ಣುಗಳು ದೂರದ ಎತ್ತಿನ ಮೇಲೋ ತೇರಿನ ದಾರಿಯ ಮೇಲೋ ನಿರ್ಲಿಪ್ತವಾಗಿ ನೆಲೆಸಿರುತ್ತವೆ. ಆದರೆ ಅನುಭವಸ್ಥ ಮಾರಾಟಗಾರ ಕೊಳ್ಳುವವರ ಕಣ್ಣು ಯಾವ ಎತ್ತಿನತ್ತ ಮತ್ತೆ ಮತ್ತೆ ಮರಳಿತು ಎಂಬುದನ್ನು ಮೊದಲೇ ಗಮನಿಸಿಟ್ಟುಕೊಂಡಿರುತ್ತಾನೆ. ಮುಖ ತಿರುಗಿಸಿ ಮಾತನಾಡುವ ಈ ವ್ಯವಹಾರದಲ್ಲಿ ಅಪ್ರಾಮಾಣಿಕತೆಯಿದೆ ಎಂದು ಜಾತ್ರೆಗೆ ಬಂದವರು ಯಾರೂ ಭಾವಿಸುವುದಿಲ್ಲ.

ಅದೇ ಕ್ಷೇತ್ರದ ಗರ್ಭಗುಡಿಯಲ್ಲಿ ನೋಟಕ್ಕೆ ಬೇರೊಂದು ಗೌರವವಿದೆ. ಘಾಟಿಯಲ್ಲಿ ಸುಬ್ರಹ್ಮಣ್ಯ ಪೂರ್ವಾಭಿಮುಖವಾಗಿಯೂ ಲಕ್ಷ್ಮೀನರಸಿಂಹ ಪಶ್ಚಿಮಾಭಿಮುಖವಾಗಿಯೂ ಇರುವುದರಿಂದ, ಎದುರು ನಿಂತವರಿಗೆ ಇಬ್ಬರ ದರ್ಶನವೂ ಆಗಲೆಂದು ಹಿಂಬದಿಯಲ್ಲಿ ಕನ್ನಡಿಯನ್ನು ಇರಿಸಲಾಗಿದೆ. ದರ್ಶನವೆಂದರೆ ಭಕ್ತರು ದೇವರನ್ನು ನೋಡುವುದು ಮಾತ್ರವಲ್ಲದೆ ದೇವರ ದೃಷ್ಟಿ ತಮ್ಮ ಮೇಲೆ ಬೀಳುವುದೂ ಹೌದು ಎಂಬುದನ್ನು ಧರ್ಮಗಳ ಅಧ್ಯಯನಕಾರರಾದ ಡಯಾನಾ ಎಕ್ 1981ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ವಿಗ್ರಹ ಪ್ರತಿಷ್ಠೆಯ ವೇಳೆ ಕಣ್ಣು ತೆರೆಸುವ ನೇತ್ರೋನ್ಮೀಲನ ವಿಧಿಯ ಹಿಂದಿರುವುದೂ ಇದೇ ನಂಬಿಕೆ. ಇನ್ನು ನಾಟ್ಯಪರಂಪರೆಯಂತೂ ನೋಟಗಳನ್ನು ವರ್ಗೀಕರಿಸಿಯೇ ಇಟ್ಟಿದೆ. ಭರತನ ನಾಟ್ಯಶಾಸ್ತ್ರ 36 ದೃಷ್ಟಿಗಳನ್ನು ಹೇಳಿದರೆ, ನಂದಿಕೇಶ್ವರನ ಅಭಿನಯ ದರ್ಪಣ ಸಮ, ಆಲೋಕಿತ, ಸಾಚಿ, ಪ್ರಲೋಕಿತ, ನಿಮೀಲಿತ, ಉಲ್ಲೋಕಿತ, ಅನುವೃತ್ತ, ಅವಲೋಕಿತ ಎಂಬ ಎಂಟನ್ನು ಹೆಸರಿಸುತ್ತದೆ. ನೇರವಾಗಿ, ರೆಪ್ಪೆ ಅಲುಗಿಸದೆ ನೋಡುವ ಸಮದೃಷ್ಟಿ ಈ ಎಂಟರಲ್ಲಿ ಒಂದು. ಕಡೆಗಣ್ಣಿನ ಸಾಚಿ, ಕೆಳಕ್ಕೆ ನೋಡುವ ಅವಲೋಕಿತಗಳಿಗೂ ಅವುಗಳದೇ ಸಂದರ್ಭಗಳಿವೆ. ಸಂದರ್ಶನದ ತರಬೇತಿ ಈ ಎಂಟರಲ್ಲಿ ಒಂದನ್ನಷ್ಟೇ ಉಳಿಸಿಕೊಂಡು ಉಳಿದ ಏಳನ್ನು ದೋಷಗಳ ಪಟ್ಟಿಗೆ ಸೇರಿಸಿದೆ.

ಯಾರು ಯಾರನ್ನು ನೋಡಬಹುದು

ಊರಿನ ರೂಢಿಯನ್ನು ಹೀಗೆ ಎತ್ತಿಹಿಡಿಯುವಾಗ ಅದರ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಳ್ಳುವಾಗ ಕೊಡದೆ ಪಡೆಯಲಾಗದು, ಇನ್ನೊಬ್ಬರನ್ನು ತಿಳಿಯಲು ಬಳಸುವ ನೋಟವೇ ನೋಡುವವರನ್ನೂ ತೆರೆದಿಡುತ್ತದೆ ಎಂದು ಜರ್ಮನಿಯ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಮೆಲ್ 1908ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಆದರೆ ಈ ಕೊಡುಕೊಳ್ಳುವಿಕೆ ಸಮಾನರ ನಡುವೆ ಮಾತ್ರ ಸರಿಸಮವಾಗಿರುತ್ತದೆ. ಒಡೆಯರ ಮುಂದೆ ಜೀತದಾಳು, ಮಾವನ ಮುಂದೆ ಸೊಸೆ, ಮೇಲ್ಜಾತಿಯವರ ಮುಂದೆ ದಲಿತರು ತಲೆ ಎತ್ತಬಾರದು ಎಂಬ ಕಟ್ಟುಪಾಡು ವಿನಯದ ವೇಷ ತೊಟ್ಟ ಅಧಿಕಾರವೇ ಆಗಿತ್ತು. ಮೇಲಿನವರು ಕೆಳಗಿನವರನ್ನು ಎಷ್ಟು ಹೊತ್ತಾದರೂ ದಿಟ್ಟಿಸಬಹುದು, ಕೆಳಗಿನವರು ಹಿಂತಿರುಗಿ ನೋಡಿದರೆ ಅದು ಉದ್ಧಟತನ. 1970ರ ದಶಕದಲ್ಲಿ ಬಿ. ಕೃಷ್ಣಪ್ಪ ಮೊದಲಾದವರ ಮುಂದಾಳತ್ವದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿ ಕರ್ನಾಟಕದ ಹಳ್ಳಿಗಳಲ್ಲಿ ತಂದ ಬದಲಾವಣೆಗಳಲ್ಲಿ ಭೂಮಿ, ಕೂಲಿಯ ಹಕ್ಕುಗಳ ಜೊತೆಗೆ ತಲೆ ಎತ್ತಿ ಎದುರು ನಿಂತು ಮಾತನಾಡುವ ಹಕ್ಕೂ ಸೇರಿತ್ತು. ಕಾರ್ಖಾನೆಯ ಕೆಲಸಕ್ಕೆ ಹೊರಟ ಹಳ್ಳಿಯ ಹೆಣ್ಣುಮಕ್ಕಳು ಮೇಲ್ವಿಚಾರಕರನ್ನು ನೇರವಾಗಿ ನೋಡಿ ಸಂಬಳದ ಲೆಕ್ಕ ಕೇಳುವುದನ್ನು ಕಲಿತದ್ದನ್ನೂ ಈ ಸಾಲಿನಲ್ಲಿಯೇ ಎಣಿಸಬೇಕು.

ಆದುದರಿಂದ ತಗ್ಗಿದ ನೋಟವೆಲ್ಲ ಸಂಸ್ಕೃತಿ ಎಂದು ಕೊಂಡಾಡುವುದೂ, ನೇರ ನೋಟವೆಲ್ಲ ಪ್ರಗತಿ ಎಂದು ಸಾರುವುದೂ ಸಮಾನವಾಗಿ ಅಪೂರ್ಣ. ಬಯಸಿದಾಗ ನೋಡಬಲ್ಲವರು ಗೌರವಕ್ಕಾಗಿ ಕಣ್ಣು ತಗ್ಗಿಸಿದರೆ ಅದು ಸೌಜನ್ಯ, ನೋಡಿದರೆ ಪೆಟ್ಟು ಬೀಳುತ್ತದೆ ಎಂದು ತಗ್ಗಿಸಿದರೆ ಅದು ದಬ್ಬಾಳಿಕೆಯ ಫಲ. ಹೊರನೋಟಕ್ಕೆ ಎರಡೂ ಒಂದೇ ರೀತಿ ಕಾಣುತ್ತವೆ.

ತಪ್ಪಾಗಿ ಹಬ್ಬಿದ ಎರಡು ಪಾಠಗಳು

ವ್ಯಕ್ತಿತ್ವ ವಿಕಸನದ ಉಪನ್ಯಾಸಗಳಲ್ಲಿ ಸಂವಹನದ ಶೇ 93ರಷ್ಟು ಭಾಗ ಮಾತಿನಾಚೆಗೆ ನಡೆಯುತ್ತದೆ, ಶೇ 7ರಷ್ಟು ಮಾತ್ರ ಪದಗಳಿಂದ ಎಂಬ ಲೆಕ್ಕವನ್ನು ಆಗಾಗ ಹೇಳಲಾಗುತ್ತದೆ. ಇದರ ಮೂಲ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಲ್ಲಿದೆ. ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಹೇಳಿಸಿ, ಮುಖಭಾವದ ಚಿತ್ರಗಳೊಂದಿಗೆ ಜೋಡಿಸಿ, ಹೇಳುವವರಿಗೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸಲು ಕೇಳಿದ ಆ ಪ್ರಯೋಗಗಳಿಂದ ಪದಕ್ಕೆ ಶೇ 7, ಧ್ವನಿಗೆ ಶೇ 38, ಮುಖಕ್ಕೆ ಶೇ 55 ಎಂಬ ಸೂತ್ರ ಹೊರಬಿತ್ತು. ಭಾವನೆ ಅಥವಾ ಒಲವನ್ನು ತಿಳಿಸುವ ಸಂದರ್ಭಕ್ಕಷ್ಟೇ ಈ ಸೂತ್ರ ಅನ್ವಯಿಸುತ್ತದೆ ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದರೂ, ಅದು ಎಲ್ಲ ಮಾತುಕತೆಗೂ ಹೊಂದುವ ನಿಯಮವೆಂದೇ ಊರೂರು ಸುತ್ತುತ್ತಿದೆ. ಗೊಬ್ಬರದ ಪ್ರಮಾಣವನ್ನೋ ಬ್ಯಾಂಕ್ ಸಾಲದ ಷರತ್ತನ್ನೋ ವಿವರಿಸುವಾಗ ಶೇ 93ರಷ್ಟು ಅರ್ಥ ಧ್ವನಿ, ಮುಖಭಾವಗಳಿಂದಲೇ ದಾಟುವುದಾಗಿದ್ದರೆ ಪದಗಳೇ ಬೇಕಿರಲಿಲ್ಲ.

ಎರಡನೆಯ ತಪ್ಪು ಪಾಠ ಸುಳ್ಳಿಗೆ ಸಂಬಂಧಿಸಿದ್ದು. ಸುಳ್ಳು ಹೇಳುವವರನ್ನು ಗುರುತಿಸುವುದು ಹೇಗೆ ಎಂದು 58 ದೇಶಗಳಲ್ಲಿ ಕೇಳಿದ, 2006ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅತಿ ಹೆಚ್ಚು ಜನ ಕೊಟ್ಟ ಉತ್ತರ, ಅವರು ಕಣ್ಣು ತಪ್ಪಿಸುತ್ತಾರೆ ಎಂಬುದೇ ಆಗಿತ್ತು. ಆದರೆ ಸುಳ್ಳು ಹೇಳುವವರ ನಿಜವಾದ ವರ್ತನೆಯನ್ನು ಪರಿಶೀಲಿಸಿದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ಬೆಲ್ಲಾ ಡಿಪಾಲೊ ಮತ್ತು ಸಂಗಡಿಗರು 2003ರಲ್ಲಿ ನಡೆಸಿದ ಸಮಗ್ರ ವಿಶ್ಲೇಷಣೆಯಲ್ಲಿ ನೋಟಕ್ಕೂ ಸುಳ್ಳಿಗೂ ನಂಬಬಹುದಾದ ಸಂಬಂಧ ಕಾಣಲಿಲ್ಲ. ಜನರ ಈ ನಂಬಿಕೆಯನ್ನು ಬಲ್ಲ ಸುಳ್ಳುಗಾರರು ಬೇಕೆಂದೇ ಕಣ್ಣಿಟ್ಟು ಮಾತನಾಡುತ್ತಾರೆ, ಹೆದರಿದ ನಿರಪರಾಧಿ ನೆಲ ನೋಡುತ್ತಾನೆ. ಸಾಕ್ಷಿಯ ವರ್ತನೆಯ ಬಗ್ಗೆ ನ್ಯಾಯಾಧೀಶರು ತಮ್ಮ ಅಭಿಪ್ರಾಯವನ್ನು ದಾಖಲಿಸಲು 1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಂ ಅವಕಾಶ ನೀಡಿತ್ತು. ನ್ಯಾಯಾಲಯದ ಕಟಕಟೆಯನ್ನು ಮೊದಲ ಬಾರಿಗೆ ಏರಿದ ಹಳ್ಳಿಯ ಸಾಕ್ಷಿಯ ತಗ್ಗಿದ ಕಣ್ಣನ್ನು ಓದುವಾಗ ಎಷ್ಟು ಎಚ್ಚರ ಬೇಕೆಂಬುದು ಇದರಿಂದ ವಿದಿತವಾಗುತ್ತದೆ.

ನೋಟವೇ ಕಷ್ಟವಾದಾಗ

ಕೆಲವರಿಗೆ ಕಣ್ಣು ಸೇರಿಸುವುದು ರೂಢಿಯ ಪ್ರಶ್ನೆಯಾಗಿರದೆ ಶರೀರದ, ಮನಸ್ಸಿನ ಪ್ರಶ್ನೆಯಾಗಿರುತ್ತದೆ. ಆಟಿಸಂ ಎಂಬುದು ಸಾಮಾಜಿಕ ಸಂವಹನ ಮತ್ತು ಇಂದ್ರಿಯ ಗ್ರಹಿಕೆಗಳು ಭಿನ್ನ ರೀತಿಯಲ್ಲಿ ಬೆಳೆಯುವ, ಹುಟ್ಟಿನಿಂದ ಬರುವ ಸ್ಥಿತಿ. 1943ರಲ್ಲಿ ಲಿಯೊ ಕ್ಯಾನರ್ ಅದನ್ನು ವಿವರಿಸಿದಂದಿನಿಂದ ನೋಟದ ಭಿನ್ನತೆ ಅದರ ಗುರುತುಗಳಲ್ಲಿ ಒಂದಾಗಿದೆ. ಮುಂದೆ ಆಟಿಸಂ ಇರುವುದಾಗಿ ಗೊತ್ತಾದ ಶಿಶುಗಳಲ್ಲಿ ಇತರರ ಕಣ್ಣು ನೋಡುವ ಪ್ರಮಾಣ ಎರಡರಿಂದ ಆರು ತಿಂಗಳ ನಡುವೆಯೇ ಇಳಿಯತೊಡಗುತ್ತದೆ ಎಂದು ವಾರನ್ ಜೋನ್ಸ್ ಮತ್ತು ಅಮಿ ಕ್ಲಿನ್ 2013ರಲ್ಲಿ ವರದಿ ಮಾಡಿದರು. ಇದನ್ನು ಇತರರ ಬಗೆಗಿನ ನಿರಾಸಕ್ತಿ ಎಂದು ತಿಳಿಯುವುದು ಸರಿಯಲ್ಲ ಎಂಬುದಕ್ಕೆ ನೂಶಿನ್ ಹಜಿಖಾನಿ ಮತ್ತು ಸಂಗಡಿಗರ 2017ರ ಅಧ್ಯಯನ ಆಧಾರ ಒದಗಿಸಿತು: ಕಣ್ಣಿನ ಭಾಗವನ್ನೇ ನೋಡುವಂತೆ ಮಾಡಿದಾಗ ಆಟಿಸಂ ಇರುವವರ ಮಿದುಳಿನ ಒಳಭಾಗದ ಮುಖಗ್ರಹಣ ವ್ಯವಸ್ಥೆ ಅತಿಯಾಗಿ ಉದ್ರೇಕಗೊಂಡಿತು. ಅಂಥ ಮಗುವಿನ ಗಲ್ಲ ಹಿಡಿದು ಬಲವಂತವಾಗಿ ಮುಖ ತಿರುಗಿಸುವುದು ಕಲಿಕೆಗೆ ಸಹಾಯವಾಗುವ ಬದಲು ಹಿಂಸೆಯಾಗುವ ಸಂಭವವೇ ಹೆಚ್ಚು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಪಾಸಣೆ ಮತ್ತು ಮಾರ್ಗದರ್ಶನ ದೊರೆಯುತ್ತದೆ.

ಕಿವುಡರ ಸಂಜ್ಞಾ ಭಾಷೆಯಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ನೋಡುವುದೇ ಕೇಳುವುದಾದ್ದರಿಂದ ಮಾತಿನ ನಡುವೆ ಮುಖ ತಿರುಗಿಸಿದರೆ ಕಿವಿ ಮುಚ್ಚಿಕೊಂಡಷ್ಟೇ ಅಪಮಾನ. ದೃಷ್ಟಿಯಿಲ್ಲದವರಾದರೋ ಕಣ್ಣಿನ ನೆರವೇ ಇಲ್ಲದೆ ಧ್ವನಿ, ಉಸಿರು, ವಿರಾಮಗಳ ಆಧಾರದ ಮೇಲೆಯೇ ಸರಾಗವಾಗಿ ಸರದಿ ನಡೆಸುತ್ತಾರೆ. ಸಂವಾದಕ್ಕೆ ಬೇಕಾದದ್ದು ಪರಸ್ಪರ ಗಮನ, ಕಣ್ಣು ಅದರ ಒಂದು ದಾರಿ ಮಾತ್ರ ಎಂಬುದನ್ನು ಈ ಮೂರೂ ನಿದರ್ಶನಗಳು ಒಟ್ಟಾಗಿ ಸ್ಥಾಪಿಸುತ್ತವೆ.

ಆ ಗಮನಕ್ಕೆ ಇಂದು ಒದಗಿರುವ ದೊಡ್ಡ ಅಡ್ಡಿ ಮೊಬೈಲು. ಎದುರಿಗೆ ಕುಳಿತವರನ್ನು ಬಿಟ್ಟು ಪರದೆಯನ್ನು ನೋಡುತ್ತಾ ಹೂಂಗುಟ್ಟುವವರಿಂದ ಸರದಿಯ ಸುಳಿವುಗಳು ಸಿಗದೆ ಮಾತು ಕುಂಟುತ್ತದೆ. ವಿಡಿಯೊ ಕರೆಯಲ್ಲಿ ಸಮಸ್ಯೆ ಬೇರೆ ಬಗೆಯದು: ಕ್ಯಾಮೆರಾ ಒಂದೆಡೆ, ಎದುರಿನವರ ಮುಖ ಇನ್ನೊಂದೆಡೆ ಇರುವುದರಿಂದ ಇಬ್ಬರ ಕಣ್ಣುಗಳು ಏಕಕಾಲಕ್ಕೆ ಸೇರುವುದು ತಾಂತ್ರಿಕವಾಗಿಯೇ ಸಾಧ್ಯವಾಗದು. ಹಾಗಿದ್ದೂ ಎಲ್ಲ ಮುಖಗಳೂ ಹತ್ತಿರದಿಂದ ಸತತವಾಗಿ ತನ್ನನ್ನೇ ನೋಡುತ್ತಿರುವಂತೆ ತೋರುವುದು ಆಯಾಸಕ್ಕೆ ಒಂದು ಕಾರಣವೆಂದು ಜೆರೆಮಿ ಬೈಲೆನ್ಸನ್ 2021ರಲ್ಲಿ ವಾದಿಸಿದರು.

ಕಲಿಸಬೇಕಾದದ್ದು

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹೆಸರಿಸಿದ ಹತ್ತು ಜೀವನ ಕೌಶಲಗಳಲ್ಲಿ ಪರಿಣಾಮಕಾರಿ ಸಂವಹನ, ಪರಸ್ಪರ ಸಂಬಂಧ, ಇತರರ ಭಾವನೆಯನ್ನು ಅರಿಯುವ ಪರಾನುಭೂತಿ ಸೇರಿವೆ. ನಿಮ್ಹಾನ್ಸ್ ಈ ಚೌಕಟ್ಟನ್ನು ಕರ್ನಾಟಕದ ಶಾಲೆಗಳಿಗೆ ಒಗ್ಗಿಸಿ ಪಾಠಮಾಲೆಗಳನ್ನು ರೂಪಿಸಿತು. ಈ ಚೌಕಟ್ಟಿನಲ್ಲಿ ಕಣ್ಣೋಟವನ್ನು ಕಲಿಸುವುದಾದರೆ ಕಣ್ಣನ್ನೇ ನೋಡು ಎಂಬ ಒಂದೇ ಆಜ್ಞೆಯ ಬದಲು ಕೆಲವು ಸರಳ ಸಂಗತಿಗಳನ್ನು ಹೇಳಿಕೊಡಬಹುದು. ಕೇಳುವಾಗ ಹೆಚ್ಚು, ಹೇಳುವಾಗ ಕಡಿಮೆ ನೋಡಿದರೆ ಸಾಕು. ಮಾತು ಮುಗಿಸಿದಾಗ ಒಮ್ಮೆ ನೋಡಿದರೆ ಸರದಿ ದಾಟುತ್ತದೆ. ಯೋಚಿಸಲು ಕಣ್ಣು ತಿರುಗಿಸುವುದು ತಪ್ಪಲ್ಲ. ಕಣ್ಣನ್ನು ನೇರವಾಗಿ ನೋಡಲು ಸಂಕೋಚಪಡುವವರು ಹುಬ್ಬಿನ ನಡುವನ್ನೋ ಬಾಯಿಯನ್ನೋ ನೋಡಿದರೂ ಆಗುತ್ತದೆ, ಏಕೆಂದರೆ ಆಸ್ಟ್ರೇಲಿಯಾದ ಶೇನ್ ರಾಜರ್ಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಮುಖದ ಯಾವ ಭಾಗವನ್ನು ನೋಡುತ್ತಿದ್ದರೂ ಎದುರಿನವರಿಗೆ ತಮ್ಮ ಕಣ್ಣನ್ನೇ ನೋಡಿದಂತೆ ಅನಿಸುತ್ತದೆ. ಮನೆಯ ಹಿರಿಯರ ಮುಂದೆ ತಗ್ಗಿಸುವ ನೋಟವನ್ನು ಬಿಟ್ಟುಕೊಡದೆಯೇ ಕಚೇರಿಯ ನೋಟವನ್ನು ಕಲಿಯಬಹುದು ಎಂಬುದನ್ನೂ ತಿಳಿಸಬೇಕು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮಕ್ಕಳು ಸಾಕಷ್ಟಿರುವ ಈ ಸೀಮೆಗೆ ಎರಡು ಕಟ್ಟಳೆಗಳನ್ನು ಒಟ್ಟಿಗೆ ನಿಭಾಯಿಸುವುದು ಹೊಸದೇನಲ್ಲ.

ಆದರೆ ಕಲಿಯುವ ಹೊಣೆಯನ್ನೆಲ್ಲ ಮೇಜಿನ ಈಚೆ ಕುಳಿತ ಹಳ್ಳಿಯ ಅಭ್ಯರ್ಥಿಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಕಣ್ಣು ಸೇರುವುದು ಇಬ್ಬರ ಕೆಲಸವಾಗಿರುವಾಗ ಅದರ ಕೊರತೆಗೂ ಇಬ್ಬರೂ ಪಾಲುದಾರರು. ಪ್ರಶ್ನೆ ಕೇಳಿ ಕಾಗದದ ಮೇಲೆ ಕಣ್ಣು ನೆಟ್ಟಿರುವ ಸಂದರ್ಶಕರು ಅಭ್ಯರ್ಥಿ ಯಾರ ಕಣ್ಣನ್ನು ನೋಡಬೇಕೆಂದು ನಿರೀಕ್ಷಿಸುತ್ತಾರೆ ಎಂಬುದು ಕೇಳಬೇಕಾದ ಪ್ರಶ್ನೆ. ಮುಖ ನೋಡಿ ಮಣೆ ಹಾಕುವ ಹಳೆಯ ಚಾಳಿಯೇ ಅಂಕಪಟ್ಟಿಯ ಕಣ್ಣೋಟದ ಕಲಂ ಆಗಿ ಮರಳಿ ಬರಬಾರದೆಂದಿದ್ದರೆ, ಆ ಕಲಮನ್ನು ತೆಗೆದುಹಾಕಿ, ಅಭ್ಯರ್ಥಿ ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಂಡರೇ, ಕೇಳಿದ್ದಕ್ಕೆ ತಕ್ಕ ಉತ್ತರ ಕೊಟ್ಟರೇ, ತಿಳಿಯದಿದ್ದಾಗ ತಿಳಿಯದು ಎಂದರೇ ಎಂಬ ಮೂರಕ್ಕೆ ಅಂಕ ಹಂಚುವುದು ಹೆಚ್ಚು ಸಮಂಜಸ. ಎದುರು ಕುಳಿತವರನ್ನು ಎರಡು ನಿಮಿಷ ಊರಿನ ವಿಚಾರ ಮಾತನಾಡಿಸಿ, ಅನಂತರ ಕೆಲಸದ ಪ್ರಶ್ನೆಗೆ ಬರುವ ಸಂದರ್ಶಕರಿಗೆ, ತಗ್ಗಿದ್ದ ಅನೇಕ ಕಣ್ಣುಗಳು ತಾವಾಗಿಯೇ ಮೇಲೇಳುವುದಕ್ಕೆ ಬೇರೆ ಯಾವ ತರಬೇತಿಯೂ ಬೇಕಾಗಿರಲಿಲ್ಲ ಎಂಬುದು ಮನವರಿಕೆಯಾಗುತ್ತದೆ.